ಇಬ್ಬರಿಗೂ ಒಂದೇ ಸ್ಲೆಡ್

ಪಶ್ಚಿಮ ಓಹಾಯೋದಲ್ಲಿ ಆಗ ಎಲ್ಲಿ ಟ್ರ್ಯಾಕ್ಟರ್ ಎಳೆತದ ಪಂದ್ಯ ನಡೆದರೂ ಸ್ಲೆಡ್ಡಿನ ಮೇಲೆ ಕೂರುತ್ತಿದ್ದವಳು ಅರ್ಡೆಲ್ಲಾ ರೆಟಿಂಗರ್. ನಾನು ಟ್ರ್ಯಾಕಿನ ಪಕ್ಕದಲ್ಲಿ ಬಾವುಟ ಹಿಡಿದು ನಿಲ್ಲುತ್ತಿದ್ದೆ. ಹಾಗಾಗಿ ಅವಳನ್ನು ಹತ್ತಿರದಿಂದ ಬಲ್ಲೆ.

ಸ್ಲೆಡ್ ಎಂದರೆ ಲಾರಿಯಷ್ಟು ಉದ್ದದ ಕಬ್ಬಿಣದ ಬಂಡಿ. ಹಿಂದೆ ಚಕ್ರ, ಮುಂದೆ ನೆಲಕ್ಕೆ ತಾಗಿದ ದಪ್ಪ ತಗಡು. ಭಾರದ ಪೆಟ್ಟಿಗೆ ಮೊದಲು ಚಕ್ರಗಳ ಮೇಲಿರುತ್ತದೆ. ಆಗ ಎಳೆಯುವುದು ಕಷ್ಟವಲ್ಲ. ಟ್ರ್ಯಾಕ್ಟರ್ ಸಾಗಿದಂತೆ ಸರಪಳಿ ಆ ಪೆಟ್ಟಿಗೆಯನ್ನು ಮುಂದಕ್ಕೆ ಜಗ್ಗುತ್ತದೆ, ತಗಡು ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಹೋದಷ್ಟೂ ಭಾರ. ಮುನ್ನೂರು ಅಡಿಯ ಗೆರೆ ಹತ್ತಿರವಾದಾಗ ಎಂಥ ಎಂಜಿನ್ನೂ ಏದುಸಿರು ಬಿಡುತ್ತದೆ. ಪೆಟ್ಟಿಗೆ ಎಷ್ಟು ಬೇಗ ಮುಂದೆ ಬರಬೇಕು ಎಂದು ಅರ್ಡೆಲ್ಲಾ ಒಮ್ಮೆ ಗೇರ್ ಹಾಕಿದಳೆಂದರೆ ಆ ಸುತ್ತಿನಲ್ಲಿ ಎಲ್ಲರಿಗೂ ಅದೇ. ನಡುವೆ ಮುಟ್ಟುವಂತಿಲ್ಲ.

ಅವಳ ಅಣ್ಣ ಕ್ಲೀಟಸ್, ತಮ್ಮ ಮೆರ್ಲ್ ಇಬ್ಬರೂ ಒಂದೇ ವರ್ಗದಲ್ಲಿ ಎಳೆಯುವವರು. ಇಬ್ಬರ ನಡುವೆ ಮಾತಿರಲಿಲ್ಲ. ಮೆರ್ಲ್ ಬೆನ್ನುಮೂಳೆಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಗ ಕ್ಲೀಟಸ್ ಅಪ್ಪನ ಕಾಲದ ಹಸುಗಳನ್ನೆಲ್ಲ ಮಾರಿದ್ದ. ‘ಹಾಲು ಕರೆಯೋರು ಯಾರಿದ್ರು?’ ಎಂದು ಅವನು; ‘ಒಂದು ಮಾತು ಕೇಳಬೇಕಿತ್ತು’ ಎಂದು ಇವನು. ಒಂದೇ ಚರ್ಚಿನಲ್ಲಿ ಎರಡು ಬದಿಯ ಬೆಂಚು ಹಿಡಿದು ಕೂರುತ್ತಿದ್ದರು. ಅರ್ಡೆಲ್ಲಾ ಒಂದು ಭಾನುವಾರ ಇವನ ಪಕ್ಕ, ಇನ್ನೊಂದು ಭಾನುವಾರ ಅವನ ಪಕ್ಕ.

ಪಂದ್ಯ ಮುಗಿದ ಮೇಲೆ ಇಬ್ಬರೂ ಅವಳನ್ನೇ ಹಿಡಿಯುತ್ತಿದ್ದರು.

“ಏನ್ ಅರ್ಡೆಲ್ಲಾ, ಇವತ್ತು ನನ್ನ ಸರದೀಲಿ ಪೆಟ್ಟಿಗೆಗೆ ಅಷ್ಟೊಂದು ಅವಸರಾನಾ?” ಎನ್ನುತ್ತಿದ್ದ ಕ್ಲೀಟಸ್.

“ಅಕ್ಕ, ದೊಡ್ಡೋನಿಗೆ ಬೆಣ್ಣೆ ಹಚ್ಚಿದ ದಾರಿ, ನನಗೆ ಅಂಟು ಮಣ್ಣು, ಅಲ್ವಾ?” ಎನ್ನುತ್ತಿದ್ದ ಮೆರ್ಲ್.

“ನಿಮ್ಮಿಬ್ಬರ ತಲೇನೂ ಆ ಪೆಟ್ಟಿಗೇಲಿ ಹಾಕಿದ್ರೆ ಬೇರೆ ಭಾರಾನೇ ಬೇಕಾಗಿಲ್ಲ,” ಎಂದು ಅರ್ಡೆಲ್ಲಾ ನಗುತ್ತಿದ್ದಳು. ಆಮೇಲೆ ಒಬ್ಬಳೇ ಸರಪಳಿಗೆ ಗ್ರೀಸ್ ಹಚ್ಚುತ್ತಾ ಕೂತುಬಿಡುತ್ತಿದ್ದಳು.

ಒಂದು ಆಗಸ್ಟಿನ ಮಧ್ಯಾಹ್ನ ಅಣ್ಣ ತಮ್ಮ ಇಬ್ಬರೂ ಗೆರೆ ದಾಟಿದರು. ಉಳಿದವರು ಯಾರೂ ದಾಟಲಿಲ್ಲ. ನಿಯಮದಂತೆ ಪೆಟ್ಟಿಗೆಗೆ ಇನ್ನಷ್ಟು ಭಾರ ಹಾಕಿ ಇಬ್ಬರೂ ಮತ್ತೆ ಎಳೆಯಬೇಕು. ಅರ್ಡೆಲ್ಲಾ ಗೇರ್ ಬದಲಿಸಿ, ಇಬ್ಬರನ್ನೂ ಕರೆದು ತೋರಿಸಿದಳು. “ನೋಡ್ಕೊಳ್ಳಿ. ಆಮೇಲೆ ನನ್ನ ಹತ್ರ ಬರಬೇಡಿ.”

ಕ್ಲೀಟಸ್ ಮೊದಲು ಎಳೆದ. ಗೆರೆಗೆ ಇನ್ನೂ ಸ್ವಲ್ಪ ದೂರವಿರುವಾಗ ಅವನ ಟ್ರ್ಯಾಕ್ಟರಿನ ಚಕ್ರಗಳು ಇದ್ದಲ್ಲೇ ಗುಂಡಿ ತೋಡಿ ನಿಂತವು.

ಮೆರ್ಲ್ ಹೊರಟ. ಶುರುವಿನಿಂದಲೇ ಗೊತ್ತಾಗುತ್ತಿತ್ತು, ಅವನದೇ ದಿನ. ಮುಂದಿನ ಚಕ್ರ ನೆಲ ಬಿಟ್ಟಿದ್ದರೂ ಗಾಡಿ ಬಾಣದಂತೆ ನೇರ. ಜನ ಎದ್ದು ನಿಂತಿದ್ದರು. ಅಣ್ಣ ನಿಂತ ಜಾಗಕ್ಕೆ ಇನ್ನೇನು ಒಂದು ಮಾರು ಇದೆ ಎನ್ನುವಾಗ ಎಂಜಿನ್ನಿನ ಅಡಿಯಿಂದ ಬೆಂಕಿಯ ನಾಲಿಗೆ ಹೊರಬಂತು. ಎಣ್ಣೆ ಸೋರಿ ಹೊತ್ತಿಕೊಂಡಿತ್ತು. ಸೀಟಿನಲ್ಲಿದ್ದ ಅವನಿಗೆ ಕಾಣುತ್ತಿರಲಿಲ್ಲ. ನಾನು ಕೆಂಪು ಬಾವುಟ ಬೀಸಿದೆ. ಅವನ ಕಣ್ಣು ಗೆರೆಯ ಮೇಲಿತ್ತು. ಟ್ರ್ಯಾಕ್ಟರಿನ ಎಂಜಿನ್ ಆರಿಸುವ ತಂತಿ ಸ್ಲೆಡ್ಡಿನವಳ ಕೈಯಲ್ಲಿರುತ್ತದೆ. ಅರ್ಡೆಲ್ಲಾ ಎಳೆದಳು.

ಗಾಡಿ ನಿಂತಿತು. ಕಾವಲಿದ್ದವರು ಬೆಂಕಿ ನಂದಿಸುವ ಹುಡಿ ಎರಚಿ ತಕ್ಷಣ ಆರಿಸಿಬಿಟ್ಟರು. ಹೊಗೆ ಕಡಿಮೆಯಾದಾಗ ನೋಡಿದರೆ ಕಪ್ಪು ಹಿಡಿದದ್ದು ಅಂಗೈ ಅಗಲದ ಜಾಗವಷ್ಟೇ. ಅಳತೆಯಲ್ಲಿ ಮೆರ್ಲ್ ಅಣ್ಣನಿಗಿಂತ ಎರಡು ಅಡಿ ಹಿಂದೆ.

ಅವನು ಹೆಲ್ಮೆಟ್ ಕಳಚಿ ಸ್ಲೆಡ್ಡಿನ ಬಳಿ ಬಂದ. ಕೂಗಾಡಿದ್ದರೆ ಚೆನ್ನಾಗಿತ್ತು.

“ಎರಡೇ ಅಡಿ ಅಕ್ಕ. ಬಿಡಬಹುದಿತ್ತು.”

“ಬೆಂಕಿ ಕಣೋ ಮೆರ್ಲ್! ನಿನ್ನ ಕಾಲ ಕೆಳಗೇ!”

“ಇಷ್ಟಕ್ಕೆ?” ಆ ಕಪ್ಪು ಕಲೆಯ ಕಡೆ ತೋರಿಸಿದ. “ಕೊನೆಗೂ ಅವನ ಕಡೆಯೋಳೇ ಆದೆ ನೀನು.”

ನಾನು ಹೇಳಿದೆ: ನಾನೂ ಬಾವುಟ ಬೀಸಿದ್ದೆ, ಅವಳಲ್ಲದೆ ಬೇರೆ ಯಾರಿದ್ದರೂ ತಂತಿ ಎಳೆಯುತ್ತಿದ್ದರು. “ನೀನು ಸುಮ್ನಿರು ಹ್ಯೂಬರ್ಟ್,” ಎಂದ, ನನ್ನ ಮುಖ ನೋಡದೆ.

ಅರ್ಡೆಲ್ಲಾ ಕ್ಲೀಟಸ್‌ನ ಬಳಿ ಹೋದಳು. “ಅಣ್ಣ, ಟ್ರೋಫಿ ಬೇಡ ಅಂತ ಹೇಳು. ಮತ್ತೊಂದ್ಸಲ ಎಳೀರಿ.”

“ಯಾಕೆ? ನಾನೇನು ಕದ್ದೆನಾ? ತಂತಿ ಎಳೆದೋಳು ನೀನು.” ಟ್ರೋಫಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಆಮೇಲೆ ಮೆರ್ಲ್ ಅವಳ ಸ್ಲೆಡ್ಡಿಗೆ ಕೊಕ್ಕೆ ಹಾಕಲೇ ಇಲ್ಲ. ಗಡಿ ದಾಟಿ ಇಂಡಿಯಾನಾಕ್ಕೆ ಹೋಗಿ ಎಳೆಯತೊಡಗಿದ. ಅವಳು ಕೊಂಡೊಯ್ದ ಕೇಕು, ಕ್ರಿಸ್‌ಮಸ್ ಕಾರ್ಡು ಎಲ್ಲವನ್ನೂ ಅವನ ಹೆಂಡತಿ ಬಾಗಿಲಲ್ಲೇ ತೆಗೆದುಕೊಂಡು, “ಹೊಲದಲ್ಲಿದ್ದಾರೆ ಅತ್ತಿಗೆ,” ಎನ್ನುತ್ತಿದ್ದಳು. ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲೇ ನಿಂತಿರುವುದು ಕಾಣುತ್ತಿತ್ತು.

ಎರಡು ಬೇಸಿಗೆ ಕಳೆದ ಮೇಲೆ ಅವಳೇ ಕೇಳಿದಳು, “ಹ್ಯೂಬರ್ಟ್, ಇಂಡಿಯಾನಾಕ್ಕೆ ಕರ್ಕೊಂಡು ಹೋಗ್ತೀಯಾ?” ಹೋದೆವು. ಬೇಲಿಗೆ ಎದೆಯೂರಿ ನಿಂತಳು. ಸ್ಲೆಡ್ಡಿನ ಮೇಲೆ ಬೇರೆ ಯಾರೋ ಇದ್ದ. ಮೆರ್ಲ್ ಹೊರಟಾಗ ಅವಳ ಬಲಗೈ ತಾನಾಗಿಯೇ ಮುಷ್ಟಿ ಕಟ್ಟಿತು. ಅವನು ಗೆರೆ ದಾಟಿದ. ಅವಳು ಚಿಕ್ಕ ಹುಡುಗಿಯಂತೆ ಕೂಗಿಕೊಂಡಳು.

ಅವನು ನೋಡಿದ. ಗಾಡಿಯಿಂದಿಳಿದು ಬೇಲಿಯವರೆಗೆ ಬಂದು ನನ್ನನ್ನು ಕೇಳಿದ, “ಇವಳು ಯಾಕೆ ಬಂದ್ಲು?”

“ನಿನ್ನ ನೋಡೋಕೆ.”

“ನೋಡಾಯ್ತಲ್ಲ.” ತಿರುಗಿ ಹೋದ.

ಅವಳು ಪಕ್ಕದಲ್ಲೇ ಇದ್ದಳು. ಬಹಳ ಹೊತ್ತು ಬೇಲಿ ಬಿಡಲಿಲ್ಲ. ವಾಪಸು ಬರುವ ದಾರಿಯುದ್ದಕ್ಕೂ ಜೋಳದ ಹೊಲ ನೋಡುತ್ತಾ ಕೂತಿದ್ದವಳು ಊರು ಹತ್ತಿರವಾದಾಗ ಅಂದಳು: “ತಂತಿ ಎಳೆಯದೇ ಇದ್ದಿದ್ರೆ, ಅವನು ಸುಟ್ಟುಹೋಗಿದ್ರೆ, ಆಗಲೂ ನನ್ನೇ ಅಂತಿದ್ರು ಹ್ಯೂಬರ್ಟ್. ನಾನೇನು ಮಾಡಬೇಕಿತ್ತು ಹೇಳು?”

ಮುಂದಿನ ಶನಿವಾರ ಅವಳು ಎಂದಿನಂತೆ ಸ್ಲೆಡ್ಡಿನ ಮೇಲೆ ಹತ್ತಿ ಕೂತಳು.