ರಾವಣನ ಹತ್ತನೇ ತಲೆ

ಚಿತ್ರದುರ್ಗದ ಸಂತೇಪೇಟೆಯಲ್ಲಿ ನನ್ನ ಗಡಿಯಾರ ರಿಪೇರಿ ಅಂಗಡಿಗೆ ಅಂಟಿಕೊಂಡೇ ದಿಲಾವರನ ನೂರ್ ಸ್ಟುಡಿಯೋ ಇತ್ತು. ಬೇರೆ ಸ್ಟುಡಿಯೋಗಳಲ್ಲಿ ತಾಜಮಹಲು ಬರೆದ ಪರದೆ, ಅದರ ಮುಂದೊಂದು ಹೂವಿನ ಕುಂಡ. ಇವನಲ್ಲಿ ಗೋಡೆಯಿಂದ ಗೋಡೆಗೆ ಕರಿ ಬಟ್ಟೆ. ಗಿರಾಕಿಯನ್ನು ಕತ್ತಲೆಯಲ್ಲಿ ಕೂರಿಸಿ, ದೊಡ್ಡ ಬಲ್ಬನ್ನು ನೆಲದ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಡುತ್ತಿದ್ದ. ಮೂಗಿನ ನೆರಳು ಹಣೆಗೆ ಏರುತ್ತಿತ್ತು, ಕಣ್ಣು ಗುಳಿ ಬೀಳುತ್ತಿದ್ದವು. ಸಾಕ್ಷಾತ್ ದೆವ್ವ! ಮದುವೆಗೆ ಬಂದ ಮಕ್ಕಳಿರುವ ಯಾವ ತಂದೆತಾಯಿಯೂ ಅವನ ಹೊಸಿಲು ತುಳಿಯುತ್ತಿರಲಿಲ್ಲ. ಹೊಳಲ್ಕೆರೆಯ ಹೆಡ್‌ಮಾಸ್ತರರೊಬ್ಬರು ನಿವೃತ್ತಿಗೆಂದು ತೆಗೆಸಿದ ಫೋಟೋವನ್ನು ಒಮ್ಮೆ ನೋಡಿ, ಎರಡು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡು ಎದ್ದು ಹೋದರು.

"ಲೇ ದಿಲಾವರ್, ಮನುಷ್ಯರ ಫೋಟೋ ತೆಗಿಯೋದೂ ಒಂದಿಷ್ಟು ಕಲ್ಕಳಲೇ" ಎಂದು ನಾನು ರೇಗಿಸುತ್ತಿದ್ದೆ.

"ಮನುಷ್ಯರದ್ದು ಎಲ್ಲಾರೂ ತೆಗೀತಾರೆ ಬಿಡೋ ತಿಪ್ಪಯ್ಯ" ಎನ್ನುತ್ತಿದ್ದ.

ಅವನ ಹೊಟ್ಟೆ ತುಂಬಿಸಿದವರು ನಾಟಕದವರು. ಹಿರಿಯೂರು, ಹೊಸದುರ್ಗದ ಹಳ್ಳಿಗಳಿಂದ ಭೀಮ, ಕೀಚಕರೆಲ್ಲ ಟ್ರಂಕು ಹೊತ್ತು ಬಸ್ಸಿಳಿದು ಬರುತ್ತಿದ್ದರು. ದಿಲಾವರ ಅವರನ್ನು ಕತ್ತಲೆಯೊಳಗಿಂದ ಎದ್ದು ಬಂದವರಂತೆ ತೋರಿಸುತ್ತಿದ್ದ. ಲೆನ್ಸಿನ ಮುಂದೆ ಗಾಜು ಹಿಡಿದು, ಅದಕ್ಕೆ ವ್ಯಾಸಲೀನ್ ಸವರಿ ಮಂಜು ಕವಿಸುತ್ತಿದ್ದ. ಒಂದೇ ಪ್ಲೇಟಿಗೆ ಎರಡು ಸಲ ಬೆಳಕು ಬಿಟ್ಟು, ಒಬ್ಬನೇ ನಟ ತನ್ನ ಮೇಲೆ ತಾನೇ ಗದೆ ಎತ್ತುವಂತೆ ಮಾಡುತ್ತಿದ್ದ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಡಿಸಿ ಕೆಡಿಸಿಯೇ ಕಲಿತದ್ದು.

೧೯೭೩ರ ಬೇಸಿಗೆಯಲ್ಲಿ ತುರುವನೂರಿನ ಕಾಟಯ್ಯ ಬಂದ. ಹೊಲ ಉಳುವ ಆಳು, ಊರ ನಾಟಕದಲ್ಲಿ ರಾವಣ. "ಹತ್ತು ತಲೇನೂ ಕಾಣ್ಬೇಕು ಸಾಬ್ರೆ. ರಟ್ಟಿನ ತಲೆ ಬ್ಯಾಡ, ಎಲ್ಲಾ ನನ್ನವೇ ಇರ್ಬೇಕು" ಎಂದ.

ದಿಲಾವರನಿಗೆ ಹಬ್ಬವಾಯಿತು. ಆಗ ಅವನು ಫಿಲ್ಮಿನ ಬದಲು ಇನ್ನೂ ಗಾಜಿನ ಪ್ಲೇಟುಗಳನ್ನೇ ಬಳಸುತ್ತಿದ್ದ. ಕರಿ ಬಟ್ಟೆ ಇದ್ದ ಜಾಗ ಪ್ಲೇಟಿನಲ್ಲಿ ಖಾಲಿ ಉಳಿಯುತ್ತದೆ, ಆ ಖಾಲಿಯಲ್ಲಿ ಇನ್ನೊಂದು ತಲೆ ಕೂರಿಸಬಹುದು. ಮೊದಲು ಪೂರ್ತಿ ವೇಷದಲ್ಲಿ ಕಾಟಯ್ಯನ ಫೋಟೋ ತೆಗೆದ. ಆಮೇಲೆ ಹೆಂಡತಿ ಸುಗ್ರಾಳ ಹಳೇ ಬುರ್ಖಾವನ್ನು ರಾವಣನಿಗೆ ಕುತ್ತಿಗೆವರೆಗೂ ಹೊದಿಸಿ, ಸ್ಟೂಲನ್ನು ಇಷ್ಟಿಷ್ಟೇ ಸರಿಸುತ್ತ ಒಂದೊಂದೇ ತಲೆ ತೆಗೆಯುತ್ತ ಹೋದ. ನಾನು ಬಾಗಿಲ ಬಳಿ ನಿಂತು ನಗು ತಡೆಯಲಾರದೆ ಬೈಸಿಕೊಂಡೆ.

ಒಂಬತ್ತು ತಲೆ ಮುಗಿಯುವ ಹೊತ್ತಿಗೆ ಮೂರು ತಾಸಾಗಿತ್ತು. ಹತ್ತನೆಯದಕ್ಕೆ ದಿಲಾವರ ಲೆನ್ಸಿನ ಮುಚ್ಚಳ ತೆಗೆದದ್ದೇ ತಡ, ಕರೆಂಟು ಹೋಯಿತು. ಬೆಂಕಿಪೊಟ್ಟಣ ಹುಡುಕುವ ಗಡಿಬಿಡಿಯಲ್ಲಿ ಮುಚ್ಚಳ ಹಾಕುವುದನ್ನೇ ಮರೆತ. ಇತ್ತ ಬೆಂದುಹೋಗಿದ್ದ ಕಾಟಯ್ಯ ಕಿರೀಟ ಇಳಿಸಿ, ಅಂಟಿಸಿದ ಮೀಸೆ ಕಿತ್ತು, ಬುರ್ಖಾದ ತುದಿಯಿಂದ ಮುಖದ ಬಣ್ಣವನ್ನೆಲ್ಲ ಉಜ್ಜಿ ಒರೆಸಿಕೊಂಡ. ಅಷ್ಟರಲ್ಲಿ ಫಕ್ಕನೆ ಬಲ್ಬು ಹತ್ತಿತು. ಕಾಟಯ್ಯ ಕೂತಲ್ಲಿಂದಲೇ ನೆಲದ ಬಲ್ಬಿನ ಕಡೆ ಬಗ್ಗಿ, "ಬಂತಾ?" ಎಂದ. ದಿಲಾವರ ಓಡಿ ಬಂದು ಮುಚ್ಚಳ ಹಾಕುವಷ್ಟರಲ್ಲಿ ಪ್ಲೇಟು ಕೆಲಸ ಮುಗಿಸಿತ್ತು.

ಮಾಡಿದ್ದುಣ್ಣೋ ಮಹರಾಯ. ರಾವಣನ ಅಂಚಿನಲ್ಲಿ ಒಬ್ಬ ರೈತನ ತಲೆ! ಪ್ರಿಂಟು ಹಾಕುವಾಗ ದಿಲಾವರ ಆ ಮೂಲೆಯನ್ನು ಕಪ್ಪು ಮಾಡಿ ಮುಚ್ಚಿಬಿಟ್ಟ. ಫೋಟೋ ತುರುವನೂರಿಗೆ ಹೋಯಿತು, ಜನ ಎಣಿಸಿದರು. ಕಾಟಯ್ಯನಿಗೆ 'ಒಂಬತ್ತು ತಲೆ' ಎಂಬ ಅಡ್ಡಹೆಸರು ಬಿತ್ತು. ಜಗಳಕ್ಕೆಂದು ಬಂದವನು ಚಾ ಕುಡಿದು, "ಸುಗ್ಗಿ ಕಳೀಲಿ, ಇನ್ನೊಂದು ಸಲ ಕುಂತ್ಕಂತೀನಿ" ಎಂದು ನಗುತ್ತ ಹೋದ. ಮತ್ತೆ ಬರಲಿಲ್ಲ.

ಎರಡು ವರ್ಷದ ಮೇಲೆ, ಪಿತೃಪಕ್ಷದ ಎಡೆಗೆ ನಾಲ್ಕು ದಿನ ಇರುವಾಗ, ಅವನ ಹೆಂಡತಿ ಬರಗೇರಮ್ಮ ಬಂದಳು. ಕಂಕುಳಲ್ಲಿ ಒಂದು ಹೆಣ್ಣು ಕೂಸು. ಕಾಟಯ್ಯ ಜ್ವರ ಬಂದು ತೀರಿಕೊಂಡು ವರ್ಷ ತುಂಬುತ್ತಿತ್ತು, ಕೂಸು ಹುಟ್ಟಿದ್ದು ಆಮೇಲೆ. ಬಟ್ಟೆ ಬಿಚ್ಚಿ ಒಂಬತ್ತು ತಲೆಯ ಫೋಟೋ ಮೇಜಿನ ಮೇಲಿಟ್ಟಳು. ಅದನ್ನು ನೋಡಿದ್ದೇ ಕೂಸು ಕಿಟಾರನೆ ಕಿರುಚಿಕೊಂಡಿತು.

"ನೋಡ್ರಿ ಸಾಬ್ರೆ, ಹಿಂಗೈತೆ. ನಮ್ಮನೇರದ್ದು ಅಂತ ಇರೋದು ಇದೊಂದೇ ಪಟ. ರಾವಣಂಗೆ ಎಡೆ ಇಕ್ಕಾಕಿಲ್ಲ ಅಂತಾರೆ ನಮ್ಮತ್ತೆ. ಈ ಕೂಸಿಗೆ ಅಪ್ಪ ಅಂತ ಏನು ತೋರಿಸ್ಲಿ? ಬಣ್ಣ ಅಳಿಸಿ ಮುಖ ತೆಗೆದುಕೊಡ್ರಿ."

ಪ್ರಿಂಟಿನ ಮೇಲಿನ ಬಣ್ಣ ಅಳಿಸಲು ಬರುವುದಿಲ್ಲ ಎಂದು ಹೇಳುವ ಧೈರ್ಯ ದಿಲಾವರನಿಗೆ ಆಗಲಿಲ್ಲ. ಅವನಿಗೆ ಆ ಹತ್ತನೇ ತಲೆ ನೆನಪಾಗಿತ್ತು. "ನಾಡಿದ್ದು ಬಾರಮ್ಮ" ಎಂದು ಕಳಿಸಿದವನೇ ಹಳೇ ಪ್ಲೇಟುಗಳ ಪೆಟ್ಟಿಗೆ ಸುರುವಿಕೊಂಡ. ಸಂಜೆಯ ಹೊತ್ತಿಗೆ ನನ್ನ ಅಂಗಡಿಗೆ ಬಂದ. ಆ ಪ್ಲೇಟು ಪೆಟ್ಟಿಗೆಯಲ್ಲಿರಲಿಲ್ಲ.

"ತಿಪ್ಪಯ್ಯ, ಹೋದ ವರ್ಷ ನಿಂಗೆ ಗಾಜು ಕೊಟ್ಟಿದ್ನಲ್ಲ, ಏನ್ ಮಾಡ್ದೆ?"

ಕೆಟ್ಟ ಪ್ಲೇಟನ್ನು ಯಾವ ಸ್ಟುಡಿಯೋದವರೂ ಎಸೆಯುವುದಿಲ್ಲ. ಬಿಸಿನೀರು ಸೋಡಾದಲ್ಲಿ ಉಜ್ಜಿ ಚಿತ್ರ ತೊಳೆದುಬಿಟ್ಟರೆ ಒಳ್ಳೆಯ ಗಾಜು. ನನ್ನ ಗಡಿಯಾರದ ಷೋಕೇಸಿಗೆಂದು ಅವನೇ ಐದು ಕೊಟ್ಟಿದ್ದ. ನಾನೇ ಕೂತು ತಿಕ್ಕಿದ್ದೆ. ಷೋಕೇಸಿನ ನಾಲ್ಕು ಗಾಜೂ ಫಳಫಳ ಹೊಳೆಯುತ್ತಿದ್ದವು. ದಿಲಾವರ ಅವುಗಳ ಮೇಲೆ ಕೈಯಾಡಿಸಿದ.

"ಐದನೇದು?"

ಐದನೆಯದನ್ನು ತಿಕ್ಕಲು ನನಗೆ ಬೇಸರವಾಗಿತ್ತು. ಹಾಗೇ ಸಾಮಾನಿನ ಡಬ್ಬದ ತಳಕ್ಕೆ ಹಾಕಿ, ಮೇಲೆ ಸ್ಕ್ರೂಡ್ರೈವರು, ಇಕ್ಕಳ, ಎಣ್ಣೆ ಬಾಟಲಿ ಪೇರಿಸಿದ್ದೆ. ತೆಗೆದು ದೀಪಕ್ಕೆ ಹಿಡಿದೆವು. ಇಕ್ಕಳ ಉಜ್ಜಿ ಉಜ್ಜಿ ರಾವಣನ ನಡುವಿನ ಮೂರು ತಲೆ ಹೋಗಿದ್ದವು, ಎಣ್ಣೆ ಹರಡಿ ಉಳಿದವೂ ಕೆಟ್ಟಿದ್ದವು. ಹತ್ತನೇ ತಲೆಯಿದ್ದ ಬಲಗಡೆಯ ಮೂಲೆ ಮಾತ್ರ ಹಾಗೇ ಇತ್ತು. ದಿಲಾವರ ನನ್ನ ಬೆನ್ನಿಗೊಂದು ಗುದ್ದಿದ. ನನ್ನ ಸೋಮಾರಿತನದಿಂದ ಇನ್ನೊಬ್ಬರಿಗೆ ಉಪಕಾರವಾದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಆ ತಲೆಯೊಂದನ್ನೇ ಅವನು ಅಂಗೈ ಅಗಲ ದೊಡ್ಡದು ಮಾಡಿ ಪ್ರಿಂಟು ಹಾಕಿದ. ಕಾಟಯ್ಯ ಬಲ್ಬಿನ ಕಡೆಗೇ ಬಗ್ಗಿದ್ದರಿಂದ ಬೆಳಕು ನೇರ ಮುಖಕ್ಕೆ ಬಿದ್ದಿತ್ತು. ಹಣೆಯ ಮೇಲೆ ನೆರಳಿಲ್ಲ, ಕಣ್ಣಲ್ಲಿ ಗುಳಿಯಿಲ್ಲ. ನನ್ನ ಗೆಳೆಯ ತೆಗೆದ ಫೋಟೋಗಳಲ್ಲಿ ದೆವ್ವದಂತೆ ಕಾಣದ ಮುಖ ನಾನು ನೋಡಿದ್ದು ಅದೇ ಮೊದಲು.

ಹೇಳಿದ ದಿನ ಬರಗೇರಮ್ಮ ಬಂದಳು. ದಿಲಾವರ ಪಟ ಕೈಗೆ ಕೊಟ್ಟು, ತಪ್ಪು ಮಾಡಿದವನ ಹಾಗೆ ಪಕ್ಕಕ್ಕೆ ನಿಂತ. ತಲೆ ಕೆದರಿದೆ, ಕಿವಿಯ ಹತ್ತಿರ ಒಂದಿಷ್ಟು ಬಣ್ಣ ಉಳಿದಿದೆ, ಬಲ್ಬು ನೋಡುತ್ತ ಬಾಯಿ ತುಸು ತೆರೆದಿದೆ, ಇದು ಸರಿಯಾದ ಫೋಟೋ ಅಲ್ಲ ಎಂದು ಏನೇನೋ ಹೇಳತೊಡಗಿದ. ಅವಳಿಗೆ ಅದು ಕೇಳಿಸುತ್ತಿರಲಿಲ್ಲ. ಅಳಲೂ ಇಲ್ಲ. ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, ಪಟವನ್ನು ಅದರ ಎದುರಿಗೆ ಹಿಡಿದಳು. ಕೂಸು ಸುಮ್ಮನೆ ನೋಡಿತು.

"ಒಲೆ ಮುಂದೆ ಕುಂತಾರೆ ನೋಡು ನಿಮ್ಮಪ್ಪ" ಎಂದಳು. "ಹೊಲದಿಂದ ಬಂದೋರು ಹಿಂಗೇ ಬಗ್ಗಿ ನೋಡೋರು, ಮುದ್ದೆ ಆತಾ ಅಂತ." ಪಟವನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ನಾಡಿದ್ದು ಎಡೆ ಇಕ್ತೀನಿ."