ಅಮ್ಮನ ಅಮ್ಮ, ಅಪ್ಪನ ಅಕ್ಕ

ನನ್ನ ಮಗಳನ್ನು ನನ್ನ ತಮ್ಮನಿಗೇ ಕೊಟ್ಟೆ. ಹೀಗಾಗಿ ಅವರ ಮಗಳಿಗೆ ನಾನು ಅಮ್ಮನ ಅಮ್ಮನೂ ಹೌದು, ಅಪ್ಪನ ಅಕ್ಕನೂ ಹೌದು. ಹೊರಮಾವಿನ ನಮ್ಮ ಹಳೇ ಮನೆತನಗಳಲ್ಲಿ ಇದೇನು ದೊಡ್ಡ ಸಂಗತಿಯಲ್ಲ. ಆ ಹುಡುಗಿಯನ್ನು ನನ್ನ ಕಿರಿಮಗನಿಗೆ ತಂದುಕೊಳ್ಳುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಅವನು ವಿಮಾನಪುರದಲ್ಲಿ ಕೆಲಸಕ್ಕಿದ್ದ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಹುಡುಗಿಗೆ ಇಂಜಿನಿಯರಿಂಗ್ ಕೊನೆಯ ವರ್ಷ. ಕಾಲೇಜಿನ ಪ್ರಾಜೆಕ್ಟಿಗೆಂದು ಕಾಗದ ಹಿಡಿದು ಬಂದು ನಮ್ಮ ಬಳಗವನ್ನೆಲ್ಲ ನನ್ನ ಬಾಯಿಂದ ಹೇಳಿಸಿ ಬರೆದುಕೊಂಡಳು.

"ಯಾರು ಯಾರಿಗೆ ಏನಾಗ್ಬೇಕು ಅಂತ ಕಂಪ್ಯೂಟರಿಗೆ ಹೇಳ್ಕೊಡ್ತೀನಿ ಅಜ್ಜಿ. ಸೆಮ್ಯಾಂಟಿಕ್ ವೆಬ್ ಅಂತಾರೆ. ಆಮೇಲೆ ನಾನು ಏನ್ ಬರೆದ್ರೂ ಯಾರಿಗೆ ತೋರಿಸ್ಬೇಕು, ಯಾರಿಗೆ ಬಚ್ಚಿಡ್ಬೇಕು ಅಂತ ಅದೇ ನೋಡ್ಕೊಳ್ಳತ್ತೆ. ಒಬ್ಬೊಬ್ಬರ ಹೆಸರು ಹೇಳೋದೇ ಬೇಡ, ಸಂಬಂಧ ಹೇಳಿದ್ರೆ ಸಾಕು."

"ಬಚ್ಚಿಡೋ ಅಂಥದ್ದು ಏನಿದ್ಯೇ ನಿನ್ಹತ್ರ?" ಎಂದೆ. ನಕ್ಕಳು.

ಅವಳು ಬರೆದದ್ದು ಕಾಣುವ ಹಾಗೆ ಮಗನ ಕಂಪ್ಯೂಟರಿನಲ್ಲಿ ನನಗೂ ಒಂದು ಜಾಗ ಮಾಡಿಕೊಟ್ಟಳು. ನಾನು ಓದಿದ್ದು ಮೂರನೇ ಕ್ಲಾಸು. ಅವಳು ಕನ್ನಡದಲ್ಲಿ ಬರೆಯುತ್ತಿದ್ದಳು, ನಾನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ. ಬಸ್ಸು ಸಿಗಲಿಲ್ಲ, ಉಪ್ಪಿಟ್ಟು ಸೀದುಹೋಯಿತು, ಇಂಥವೇ.

ಅವಳಿಗೆ ನಮ್ಮ ಕಡೆಯಿಂದ ಹೂ ಮುಡಿಸುವ ಶಾಸ್ತ್ರಕ್ಕೆ ಮೂರು ದಿನ ಇತ್ತು. ಬೆಳಿಗ್ಗೆ ಮಗ ಡ್ಯೂಟಿಗೆ ಹೋದ ಮೇಲೆ ಕೂತು ನೋಡಿದರೆ ಹೀಗಿತ್ತು: "ಎತ್ತಿ ಆಡಿಸಿದ ಮಾಮನನ್ನ ಗಂಡ ಅಂತ ನೋಡಕ್ಕೆ ನಂಗಾಗಲ್ಲ. ಅಮ್ಮನಿಗೆ ಹೇಳ್ದೆ. ಅವಳೂ ಮದುವೆಗೆ ಮುಂಚೆ ಬೇಡ ಅಂತ ಅತ್ತಿದ್ದಳಂತೆ. ಅಜ್ಜಿ ಕದ ಹಾಕ್ಕೊಂಡು ಹೊಡೆದಳಂತೆ."

ಎರಡು ಸಲ ಓದಿದೆ. ಹೊಡೆದದ್ದು ನಿಜ. ಅದು ನನಗೆ ಮರೆತೇ ಹೋಗಿತ್ತು.

ಪಕ್ಕದ ಬೀದಿಯಲ್ಲೇ ಅವರ ಮನೆ. ಹೋದಾಗ ಮಗಳು ಅವರೆಕಾಯಿ ಸುಲಿಯುತ್ತಿದ್ದಳು. ಹುಡುಗಿ ನನ್ನ ಮುಖ ನೋಡಿಯೇ ಎದ್ದು ನಿಂತಳು.

"ನೀನು ಬರೆದಿದ್ದು ಓದ್ದೆ," ಎಂದೆ.

"ಅದು ನಿಂಗೆ ಹೆಂಗೆ ಕಾಣ್ತು? ಅಪ್ಪನ ಅಕ್ಕ, ಅವಳ ಮಕ್ಕಳು, ಯಾರಿಗೂ ಬೇಡ ಅಂತ ಹಾಕಿದ್ನಲ್ಲ." ಆಮೇಲೆ ತಲೆ ಹಿಡಿದುಕೊಂಡಳು. "ಅಮ್ಮನ ಅಮ್ಮನಿಗೆ ಎಲ್ಲಾ ತೋರಿಸು ಅಂತ ಮೊದಲೇ ಬರೆದಿಟ್ಟಿದ್ದೆ. ಅದನ್ನ ತೆಗೀಲೇ ಇಲ್ಲ."

ಒಂದು ಬಾಗಿಲಿಗೆ ಬೀಗ ಹಾಕಿ ಇನ್ನೊಂದನ್ನು ತೆರೆದಿಟ್ಟಿದ್ದಳು. ಎರಡರ ಮುಂದೆಯೂ ನಿಂತವಳು ನಾನೇ.

"ಹೊಡೆದಿದ್ದು ನಿಂಗೆ ಇನ್ನೂ ನೆನಪಿದ್ಯೇನೇ?" ಎಂದು ಮಗಳನ್ನು ಕೇಳಿದೆ.

ಅವಳು ಕಾಯಿಂದ ಕಣ್ಣು ಎತ್ತಲಿಲ್ಲ. "ನೀನು ಸೌದೆ ತಗೊಂಡು ಹೊಡ್ದೆ. ನೆನಪಿರಲ್ವಾ?"

ನನಗೆ ಸೌದೆಯೂ ನೆನಪಿರಲಿಲ್ಲ.

ಕ್ಷಮೆ ಗಿಮೆ ಕೇಳುವುದು ನನಗೆ ಬರುವುದಿಲ್ಲ. ಶಿವಾಜಿನಗರದ ಬಸ್ಸು ಹತ್ತಿ ರಸೆಲ್ ಮಾರುಕಟ್ಟೆಗೆ ಹೋದೆ. ಶಾಸ್ತ್ರಕ್ಕೆ ಹೇಳಿಟ್ಟಿದ್ದ ಹೂವು ಬೇಡ ಎಂದೆ.

"ಯಾಕಮ್ಮಾ, ಗಂಡಿನ ಕಡೆಯೋರದ್ದು ತಕರಾರಾ?" ಎಂದ ಹೂವಿನವನು.

"ಗಂಡಿನ ಕಡೆಯೋಳು ನಾನೇ. ಹುಡುಗಿ ಒಪ್ಲಿಲ್ಲ."

ಅವನು ನನ್ನನ್ನೇ ನೋಡಿದ. ನಮ್ಮ ಮನೆಯಲ್ಲಿ ಯಾರೂ ಆಡದಿದ್ದ ಮಾತು ಅದು.

ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಈ ಮದುವೆ ನಿಂಗೆ ಬೇಕೇನೋ ಅಂತ ಮಗನನ್ನೂ ನಾನು ಯಾವತ್ತೂ ಕೇಳಿರಲಿಲ್ಲ.