ಅಕ್ಕನ ಕೈಗೆ ಒಗ್ಗುವ ಚಿಲಕ

ನಮ್ಮ ಪಕ್ಕದ ಮನೆಯವರಿಗೆ ಗುಟ್ಟು ಅನ್ನುವುದೇ ಇರಲಿಲ್ಲ. ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಜೀವಮಾನವೆಲ್ಲ ತಗಡು ಬಡಿದು ಅವರ ಕಿವಿ ಮಂದವಾಗಿತ್ತು. ತಮಗೆ ಕೇಳಿಸುವಷ್ಟು ಜೋರಾಗಿ ಮಾತಾಡಿದರೆ ಅದು ಬೀದಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು. ಅವರಿಗೆ ಹೊಟ್ಟೆ ಕೆಟ್ಟಿದ್ದು, ಸಾರಿಗೆ ಉಪ್ಪು ಹೆಚ್ಚಾದದ್ದು, ಪಿಂಚಣಿ ತಡವಾದದ್ದು ಎಲ್ಲ ಊರಿಗೇ ಗೊತ್ತು. ಮಕ್ಕಳು ಅವರನ್ನು ತಗಡು ಮಾಮ ಎನ್ನುತ್ತಿದ್ದರು. ಮಕ್ಕಳೇನು, ನಾನೂ ಹಾಗೇ ಕರೆಯುತ್ತಿದ್ದೆ.

ಅವರ ಕೋಳಿಗಳ ವಿಷಯದಲ್ಲಿ ನನಗೂ ಅವರಿಗೂ ಸರಿಬರುತ್ತಿರಲಿಲ್ಲ. ಗೋಡೆ ಹಾರಿ ಬಂದು ನನ್ನ ಕೊತ್ತಂಬರಿ ಪಾತಿಯನ್ನು ಕೆದರಿ ಹಾಕುತ್ತಿದ್ದವು. ಎಷ್ಟು ಕೂಗಿ ಹೇಳಿದರೂ ಮಾಮ ಕಿವಿಯತ್ತ ಬೆರಳು ತೋರಿಸಿ ನಕ್ಕು ಒಳಗೆ ಹೋಗುತ್ತಿದ್ದರು. ಮೊಟ್ಟೆ ಕೊಳ್ಳಲು ಬಂದವರ ಪಿಸುಮಾತು ಮಾತ್ರ ಆ ಕಿವಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಕೋಳಿಗಳು ಅವರವಲ್ಲ, ಅವರ ಅಕ್ಕನವು. ಅಕ್ಕ ಎಂದರೆ ನಮಗೆಲ್ಲ ಆಯಾ. ತಿರುವಿನಲ್ಲಿದ್ದ ಶಿಶುವಿಹಾರದಲ್ಲಿ ಕೂಸುಗಳನ್ನು ನೋಡಿಕೊಳ್ಳುತ್ತಿದ್ದವರು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಗ್ಗೆ ಮಗುವನ್ನು ಆಕೆಯ ಕೈಗೆ ಕೊಟ್ಟು ಸಂಜೆ ಬಂದು ಕರೆದೊಯ್ಯುತ್ತಿದ್ದರು. ಆಗ ಈಗಿನ ಹಾಗೆ ಒಮ್ಮೆ ಹಾಕಿ ಎಸೆಯುವ ಚಡ್ಡಿಗಳಿರಲಿಲ್ಲ. ಮೆತ್ತನೆಯ ಬಟ್ಟೆ ಮಡಚಿ, ಸುತ್ತಿ, ದೊಡ್ಡ ಪಿನ್ನು ಹಾಕಬೇಕು. ಆಯಾ ಪಿನ್ನು ಹಾಕುವಾಗ ಎಡಗೈಯ ಬೆರಳನ್ನು ಬಟ್ಟೆಯ ಒಳಗಿಟ್ಟು, ಚುಚ್ಚಿದರೆ ತನ್ನ ಬೆರಳಿಗೇ ಚುಚ್ಚಲಿ ಎನ್ನುತ್ತಿದ್ದರಂತೆ. ನನ್ನಮ್ಮ ಹೇಳುತ್ತಿದ್ದಳು. ನಾನೂ ಆ ಕೈಯಲ್ಲಿ ಬೆಳೆದವಳು. ಅಲ್ಲಿ ನನ್ನ ಹೆಸರು ಅಳುಬುರುಕಿ.

ನನಗಿಂತ ಎಷ್ಟೋ ಮೊದಲು ಆ ಶಿಶುವಿಹಾರದ ಮೆಟ್ಟಿಲ ಮೇಲೆ ಬೆಳೆದ ಹುಡುಗನೇ ತಗಡು ಮಾಮ. ತಾಯಿ ತೀರಿಕೊಂಡಾಗ ಅವರು ಇನ್ನೂ ಅಕ್ಷರ ಕಲಿಯುತ್ತಿದ್ದರಂತೆ. ಶಾಲೆ ಬಿಟ್ಟೊಡನೆ ಅಕ್ಕನ ಕೆಲಸ ಮುಗಿಯುವವರೆಗೆ ಆ ಮೆಟ್ಟಿಲ ಮೇಲೆ ಕೂರಬೇಕು. ಒಬ್ಬೊಬ್ಬರೇ ತಾಯಂದಿರು ಬಂದು ತಮ್ಮ ಮಕ್ಕಳನ್ನು ಎತ್ತಿಕೊಂಡು ಹೋಗುವುದನ್ನು ನೋಡುತ್ತ ಇವರಿಗೂ ಅಳು ಬರುತ್ತಿತ್ತು. ಆಗ ಆಯಾ, ತಡವಾಗಿ ಉಳಿದ ಪ್ರತಿ ಮಗುವಿಗೂ ಹೇಳುವ ಮಾತನ್ನೇ ತಮ್ಮನಿಗೂ ಹೇಳುತ್ತಿದ್ದರು: "ಅಳಬೇಡ ಕಂದ. ಬರೋವರೆಗೂ ನಾನಿದ್ದೀನಲ್ಲ." ಅಕ್ಕ ಮದುವೆಯಾಗಲಿಲ್ಲ. ತಮ್ಮ ಆದರು, ಹೆಂಡತಿ ಬೇಗ ಹೋದಳು, ಮತ್ತೆ ಅಕ್ಕನ ಕೈಯಡುಗೆಗೇ ಬಂದರು.

ಈಗ ಆಯಾಗೆ ಮರೆವು. ಒಲೆ ಹಚ್ಚುವುದು ಮರೆಯಿತು, ದಾರಿ ಮರೆಯಿತು, ಕೊನೆಗೆ ತಮ್ಮನೂ ಮರೆತುಹೋದ. ಅವರನ್ನು ಒಂದು ದಿನ ಹಾಲಿನವನು ಎಂದುಕೊಂಡರೆ ಇನ್ನೊಂದು ದಿನ ನಲ್ಲಿ ರಿಪೇರಿಗೆ ಬಂದವನು ಎಂದುಕೊಳ್ಳುತ್ತಿದ್ದರು. ಮಾಮ ಅದನ್ನೂ ತಮಾಷೆ ಮಾಡುತ್ತಿದ್ದರು: "ಇವತ್ತು ನಂಗೆ ಬಡ್ತಿ ಸಿಕ್ತಮ್ಮ! ಡಾಕ್ಟ್ರು ಅಂದ್ಕೊಂಡಿದ್ದಾಳೆ!" ನಾವೆಲ್ಲ ನಗುತ್ತಿದ್ದೆವು. ನಗು ಮುಗಿದ ಮೇಲೆ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಆಕೆ ಮರೆಯದೆ ಉಳಿದದ್ದು ಕೋಳಿಗಳು ಮಾತ್ರ. ಗುಂಡಮ್ಮ, ತುಂಟಿ, ನಿದ್ದೆಬಡಕಿ ಎಂದು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಎಲ್ಲ ಶಿಶುವಿಹಾರದ ಹೆಸರುಗಳೇ. ಸದಾ ಗೊಣಗುವ ಒಂದು ಕಂದು ಕೋಳಿ ಅಳುಬುರುಕಿ. ನನ್ನ ಹೆಸರನ್ನು ಕೋಳಿಗೆ ಕೊಟ್ಟದ್ದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೆಳಗ್ಗೆ ಬಾಗಿಲು ತೆಗೆದು ಅವನ್ನು ಹೊರಗೆ ಬಿಡುವುದು, ಸಂಜೆ ಒಳಗೆ ಕೂಡಿ ಬಾಗಿಲು ಹಾಕುವುದು, ಇವೆರಡು ಕೆಲಸ ಮಾಡುವಾಗ ಆಯಾ ಮೊದಲಿನ ಆಯಾ ಆಗಿಯೇ ಇರುತ್ತಿದ್ದರು.

ಆಗ ಗೂಡೆಂದರೆ ಹಳೆಯ ಹಣ್ಣಿನ ಪೆಟ್ಟಿಗೆಗಳು, ಬಾಗಿಲೆಂದರೆ ಮುಂದೆ ಇಳಿಬಿಟ್ಟ ಗೋಣಿತಾಟು. ಒಂದು ಮುಂಜಾನೆ ನೋಡಿದರೆ ಮುಂಗುಸಿ ನುಗ್ಗಿ ನಿದ್ದೆಬಡಕಿಯನ್ನು ಮುಗಿಸಿತ್ತು. ಪುಕ್ಕಗಳನ್ನು ಮಾಮ ಗುಡಿಸಿ ಹಾಕಿದರೂ ಆಯಾಗೆ ಒಂದು ಕಡಿಮೆ ಇದೆಯೆಂದು ಗೊತ್ತಾಗಿಬಿಟ್ಟಿತು. ಮನೆಮನೆಯ ಗೇಟಿಗೂ ಹೋಗಿ ಕೇಳಿದರು: "ನಿದ್ದೆಬಡಕೀನ ಅವರಮ್ಮ ಕರ್ಕೊಂಡು ಹೋದ್ರಾ? ನಂಗೆ ಹೇಳದೆ ಹೇಗೆ ಕರ್ಕೊಂಡು ಹೋದ್ರು?" ಊಟಕ್ಕೆ ಕರೆದರೆ ಬರಲಿಲ್ಲ. ಕತ್ತಲಾಗುವವರೆಗೆ ಗೇಟಿನ ಬಳಿ ನಿಂತೇ ಇದ್ದರು. ಇನ್ನೊಬ್ಬರ ಮಗುವನ್ನು ಕಳೆದುಕೊಂಡವಳ ಭಯ ಅದು.

"ಇನ್ನೊಂದು ಹೋದ್ರೆ ಅಕ್ಕ ಉಳಿಯಲ್ಲಮ್ಮ," ಎಂದು ಮಾಮ ಗೋಡೆಯಾಚೆಯಿಂದ ಕೂಗಿದರು. ಮಾರನೆಯ ದಿನವೇ ಗೂಡಿನ ಕೆಲಸ ಶುರುವಾಯಿತು.

ಸಿದ್ಧ ಗೂಡು ತರಲು ದುಡ್ಡಿರಲಿಲ್ಲ. ಪಿಂಚಣಿಯೆಲ್ಲ ಔಷಧಿ ಅಂಗಡಿಗೆ ಹೋಗುತ್ತಿತ್ತು. ಮಾಮ ಗುಜರಿ ಅಂಗಡಿಗಳನ್ನು ಸುತ್ತಿದರು. ಹಳೆಯ ಬಸ್ಸಿನ ಕಿಟಕಿ ಚೌಕಟ್ಟುಗಳು ಸಿಕ್ಕವು, ಮುರಿದ ಕಬ್ಬಿಣದ ಮಂಚ ಸಿಕ್ಕಿತು, ಯಾರದೋ ಫ್ರಿಜ್ಜಿನ ಬಾಗಿಲು ಸಿಕ್ಕಿತು. ನಮ್ಮ ಹಿತ್ತಲಿನಲ್ಲಿ ಬಿದ್ದಿದ್ದ ಜಾಲರಿಯನ್ನೂ ಕೇಳಿದರು. ಕೊತ್ತಂಬರಿಯ ಲೆಕ್ಕ ಚುಕ್ತಾ ಆಗಲಿ ಎಂದು ಗೊಣಗುತ್ತಲೇ ಕೊಟ್ಟೆ. ಅವರು ಜಾಲರಿಯ ಕಣ್ಣಿಗೆ ಹೆಬ್ಬೆರಳು ತೂರಿಸಲು ನೋಡಿದರು. "ಹೆಬ್ಬೆರಳು ಹೋದ್ರೆ ಮುಂಗುಸಿ ಮೂತಿನೂ ಹೋಗುತ್ತೆ. ಇದು ಹೋಗಲ್ಲ. ನಡೀತದೆ!"

ಮಂಚದ ಕಾಲುಗಳ ಮೇಲೆ ಗೂಡು ನೆಲದಿಂದ ಮೇಲೆದ್ದಿತು. ಹತ್ತುವ ಬೆಕ್ಕು ಜಾರಿ ಬೀಳಲೆಂದು ಆ ಕಾಲುಗಳಿಗೆ ನುಣುಪಾದ ತಗಡು ಸುತ್ತಿದರು. ಬದಿಗೆ ಕೋಳಿ ಓಡಾಡಲು ಜಾಲರಿಯ ಅಂಗಳ, ಗೂಡಿಗೆ ಹೋಗುವ ಬಾಗಿಲೂ ಅದಕ್ಕೇ. ಹೆಗ್ಗಣ ನೆಲ ಕೊರೆದು ಬರಬಾರದೆಂದು ಆ ಅಂಗಳದ ಬುಡದಿಂದ ಹೊರಕ್ಕೂ ಜಾಲರಿ ಹಾಸಿ ಮೇಲೆ ಮಣ್ಣು ಮುಚ್ಚಿದರು. ಬುಡದಲ್ಲೇ ತೋಡುವ ಪ್ರಾಣಿ ಜಾಲರಿಗೆ ಉಗುರು ತಾಗಿ ಸೋತು ಹೋಗುತ್ತದೆಯೇ ಹೊರತು ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕಿಲ್ಲ ಎಂದು ಬೀದಿಗೆಲ್ಲ ಪಾಠ ಹೇಳಿದರು. ಮುಗಿದಾಗ ಅದು ಥೇಟ್ ಬಸ್ಸಿನ ಹಾಗೇ ಕಾಣುತ್ತಿತ್ತು.

ಉಳಿದದ್ದು ಚಿಲಕ. ಮಾಮ ಬಸ್ಸಿನ ಲಗೇಜು ಬಾಗಿಲಿನ ಚಿಲಕವನ್ನೇ ತಂದು ಕೂರಿಸಿದರು. ಮೇಲಕ್ಕೆತ್ತಿ, ತಿರುಗಿಸಿ, ಎಳೆಯಬೇಕು. ಯಾವ ಪ್ರಾಣಿಯ ಅಪ್ಪನಿಂದಲೂ ತೆಗೆಯಲು ಸಾಧ್ಯವಿಲ್ಲ ಎಂದು ಕೂಗಿದರು. ಬೆಳಗ್ಗೆ ಆಯಾ ಬಂದರು. ತೆಗೆಯಲು ಆಗಲಿಲ್ಲ. ಒಳಗೆ ಕೋಳಿಗಳು ಕೂಗುತ್ತಿದ್ದಂತೆ ಬಾಗಿಲನ್ನು ಹಿಡಿದು ಅಲ್ಲಾಡಿಸಿದರು, ಗುದ್ದಿದರು. "ಮಕ್ಕಳು ಒಳಗೆ ಸಿಕ್ಕಿಹಾಕ್ಕೊಂಡಿದ್ದಾರೆ, ಯಾರಾದ್ರೂ ಬನ್ರೋ!" ಎಂದು ಅತ್ತರು. ಮಾಮ ಬಾಗಿಲು ತೆಗೆದುಕೊಟ್ಟರೆ, "ನೀನ್ಯಾರು ನನ್ನ ಮಕ್ಕಳನ್ನ ಮುಟ್ಟೋಕೆ?" ಎಂದು ಅವರನ್ನೇ ಹೊಡೆದರು.

ಆ ಚಿಲಕ ಕಿತ್ತು ಸಾದಾ ಕೊಂಡಿ ಹಾಕಿದರು. ಆಯಾ ಸುಲಭವಾಗಿ ತೆಗೆದರು. ಆ ವಾರವೇ ಕಾಡುಬೆಕ್ಕು ಕೆಳಗಿನಿಂದ ಮೂತಿಯಲ್ಲಿ ತಿವಿದು ಅದನ್ನು ಎಬ್ಬಿಸಿತು. ತುಂಟಿ ಹೋದಳು. ಮತ್ತೆ ಗೇಟು, ಮತ್ತೆ ಅದೇ ಪ್ರಶ್ನೆ. ಮಾಮ ಗೂಡಿನ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತರು. "ಪ್ರಾಣಿಗೆ ಬರಬಾರದು, ಅಕ್ಕನಿಗೆ ಬರಬೇಕು. ಅಂಥ ಚಿಲಕ ಎಲ್ಲಿಂದ ತರಲಮ್ಮ?"

ಅದು ಸಿಕ್ಕಿದ್ದು ನನ್ನ ಭುಜದ ಮೇಲೆ. ಒಂದು ಮಧ್ಯಾಹ್ನ ಅವರ ಮನೆಗೆ ಪಲ್ಯ ಕೊಡಲು ಹೋಗಿದ್ದೆ. ಸೆರಗಿನ ಪಿನ್ನು ಬಿಚ್ಚಿಕೊಂಡಿತ್ತು. ಆಯಾ ನನ್ನನ್ನು ಯಾರೆಂದು ಗುರುತಿಸಲಿಲ್ಲ. ಆದರೆ ಪಿನ್ನು ನೋಡಿದೊಡನೆ ನನ್ನನ್ನು ಹತ್ತಿರಕ್ಕೆಳೆದು, ಎಡಗೈ ಬೆರಳನ್ನು ಬಟ್ಟೆಯ ಹಿಂದೆ ತೂರಿಸಿ, ಒತ್ತಿ, ಸರಿಸಿ, ಸಿಕ್ಕಿಸಿಬಿಟ್ಟರು. ಕಣ್ಣು ಎಲ್ಲೋ ಇತ್ತು, ಕೈ ಮಾತ್ರ ತನ್ನ ಕೆಲಸ ಮಾಡಿತು. ನಾನು ತಿರುಗಿ ನೋಡಿದೆ. ಮಾಮ ಬಾಯಿ ತೆರೆದು ನಿಂತಿದ್ದರು.

ಹಿತ್ತಲಲ್ಲಿ ಸುತ್ತಿಗೆಯ ಸದ್ದು ಸಂಜೆವರೆಗೂ ನಿಲ್ಲಲಿಲ್ಲ. ಬಸ್ಸಿನ ಸೀಟಿನ ಸ್ಪ್ರಿಂಗ್ ತಂತಿಯನ್ನು ನೇರ ಮಾಡಿ, ಬಗ್ಗಿಸಿ, ತುದಿಗೆ ತಗಡಿನ ಟೊಪ್ಪಿಗೆ ಕೂರಿಸಿ, ಗೇಣುದ್ದದ ಪಿನ್ನು ಮಾಡಿದರು. ಬಾಗಿಲಿಗೊಂದು, ಚೌಕಟ್ಟಿಗೊಂದು ಕಬ್ಬಿಣದ ಬಳೆ ಬಡಿದು ಎರಡಕ್ಕೂ ಸೇರಿಸಿ ಅದನ್ನು ಹಾಕಿದರು. ಬೆಳಗ್ಗೆ ಆಯಾ ಬಂದರು. ಎಡಗೈ ಬೆರಳು ಪಿನ್ನಿನ ಹಿಂದೆ ಹೋಯಿತು. ಬಲಗೈ ಒತ್ತಿತು, ಸರಿಸಿತು. ಬಾಗಿಲು ತೆರೆಯಿತು. ಮಾಮ "ಬಂತು! ಅಕ್ಕನಿಗೆ ಬಂತು!" ಎಂದು ಕೂಗಿದ್ದಕ್ಕೆ ಬೀದಿಯ ನಾಯಿಗಳೆಲ್ಲ ಬೊಗಳಿದವು.

ಅಲ್ಲಿಂದ ಮಳೆಗಾಲ ಕಳೆಯುವವರೆಗೆ ಒಂದು ಕೋಳಿಯೂ ಹೋಗಲಿಲ್ಲ. ಮುಂಗುಸಿ ಬರುತ್ತಿತ್ತು, ಸುತ್ತುತ್ತಿತ್ತು, ಮೂಸಿ ನೋಡಿ ಹೋಗುತ್ತಿತ್ತು. ದಿನಾ ಬೆಳಗ್ಗೆ ಗೋಡೆಯಾಚೆಯಿಂದ "ತೆಗೆದಳಮ್ಮಾ!" ಎಂಬ ಕೂಗು ಬಂದ ಮೇಲೇ ನಮ್ಮ ಬೀದಿಯಲ್ಲಿ ಕಾಫಿ ಕುದಿಯುತ್ತಿತ್ತು.

ಒಂದು ಬೆಳಗ್ಗೆ ಕೂಗು ಬರಲಿಲ್ಲ. ನಾನು ಕಲ್ಲು ಹತ್ತಿ ಗೋಡೆಯಾಚೆ ಇಣುಕಿದೆ. ಆಯಾ ಗೂಡಿನ ಮುಂದೆ ನಿಂತಿದ್ದರು. ಕೈ ಪಿನ್ನಿನ ಮೇಲೇ ಇತ್ತು, ಆದರೆ ಸುಮ್ಮನಿತ್ತು. ಒಳಗೆ ಕೋಳಿಗಳು ಕೂಗುತ್ತಿದ್ದವು. ಮಾಮ ಹಿಂದೆ ನಿಂತು, "ಒತ್ತಕ್ಕ... ಒತ್ತಿ ಸರಿಸು..." ಎನ್ನುತ್ತಿದ್ದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಯಾ ತಿರುಗಿ, "ಇದೇನಪ್ಪ ಇದು?" ಎಂದು ಕೇಳಿದರು. ಅಳಲೂ ಇಲ್ಲ, ಬಾಗಿಲನ್ನು ಗುದ್ದಲೂ ಇಲ್ಲ. ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು.

ಮಾಮ ಪಿನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಬಾಗಿಲನ್ನು ಅರ್ಧ ತೆರೆದಿಟ್ಟು, ಒಳಗಿನಿಂದ ಕುರ್ಚಿ ತಂದು ಅದರ ಪಕ್ಕ ಕುಳಿತರು. ಅಷ್ಟು ಬೆವರು ಸುರಿಸಿ ಕಟ್ಟಿದ ಗೂಡಿಗೆ ಹಗಲೆಲ್ಲ ಅವರೇ ಚಿಲಕವಾದರು. ಅಕ್ಕ ಯಾವಾಗ ಬಂದು ತಳ್ಳಿದರೂ ಬಾಗಿಲು ತೆರೆಯಬೇಕು, ಅಷ್ಟೇ. ಬಿಸಿಲಿಗೆ ತಲೆಗೆ ಟವೆಲು, ಕೈಗೆ ಕೋಲು. ಊಟದ ತಟ್ಟೆಯೂ ಅಲ್ಲಿಗೇ. "ಮಾಮ, ಹೀಗೆ ಎಷ್ಟು ದಿನ ಕೂರ್ತೀರಿ?" ಎಂದು ನಾನು ಬೈದೆ. ಅವರು ಕಿವಿಯತ್ತ ಬೆರಳು ತೋರಿಸಿದರು. ನಗಲಿಲ್ಲ.

ಮೊನ್ನೆ ಸಂಜೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ ಅದೇ ಕಲ್ಲು ಹತ್ತಿ ಆಚೆ ನೋಡಿದೆ. ಕೋಳಿಗಳು ತಾವಾಗಿಯೇ ಗೂಡು ಸೇರಿದ್ದವು. ಆಯಾ ನಿಧಾನವಾಗಿ ಬಂದು ಕುರ್ಚಿಯ ಮುಂದೆ ನಿಂತರು. ಕೋಳಿಗಳ ಕಡೆ ನೋಡಲಿಲ್ಲ. ತಮ್ಮನನ್ನೇ ಬಹಳ ಹೊತ್ತು ನೋಡಿದರು.

"ನಿನ್ನನ್ನ ಕರ್ಕೊಂಡು ಹೋಗೋಕೆ ಇನ್ನೂ ಯಾರೂ ಬಂದಿಲ್ವಾ?"

ಮಾಮ ತಲೆಯಲ್ಲಾಡಿಸಿದರು. ಅವರ ಮುಖವೆಲ್ಲ ಒದ್ದೆಯಾಗಿತ್ತು.

ಆಯಾ ಅವರ ನೆತ್ತಿಯ ಮೇಲೆ ಕೈಯಿಟ್ಟರು. "ಅಳಬೇಡ ಕಂದ. ಬರೋವರೆಗೂ ನಾನಿದ್ದೀನಲ್ಲ."

ಮಾಮ ಆಕೆಯ ಹೊಟ್ಟೆಗೆ ಮುಖ ಒತ್ತಿಕೊಂಡು ಅತ್ತರು. ಬೀದಿಗೆಲ್ಲ ಕೇಳುವ ಹಾಗೆ ಅತ್ತರು. ಗೂಡಿನ ಬಾಗಿಲು ತೆರೆದೇ ಇತ್ತು, ಕತ್ತಲಾಗುತ್ತಿತ್ತು. ನಾನು ಗೋಡೆಯಾಚೆ ಹೋಗಿ, ಮಾಮ ತಲೆಯೆತ್ತದೆಯೇ ಜೇಬಿನಿಂದ ತೆಗೆದು ಚಾಚಿದ ಪಿನ್ನನ್ನು ತೆಗೆದುಕೊಂಡು ಬಾಗಿಲಿಗೆ ಹಾಕಿದೆ. ಹಾಕುವಾಗ ನನ್ನ ಎಡಗೈಯ ಬೆರಳು ತಾನಾಗಿಯೇ ಅದರ ಹಿಂದೆ ಹೋಗಿತ್ತು. ಒಳಗೆ ಅಳುಬುರುಕಿ ಗೊಣಗುತ್ತಿದ್ದಳು.